ಕ್ಯಾಟ್ ವಿದಿನ್ (‘ಮಾಲ್ಗುಡಿ ಡೇಸ್’ ಕಂತು)

ಶಂಕರ್ ನಾಗ್ ನಿರ್ದೇಶಿಸಿದ, 1980ರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಹಿಂದಿ ಧಾರಾವಾಹಿಯ ಒಂದು ಕಂತು. ಮೂಲ, ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರ ಇಂಗ್ಲಿಷ್ ಸಣ್ಣಕಥೆ.

ಬಾಡಿಗೆದಾರರಿಂದ ತುಂಬಿದ ಹಳೇ ಮನೆ. ನಡುರಾತ್ರಿ, ಜಿಪುಣ ಮಾಲೀಕನ ಅಂಗಡಿಯೊಳಗೆ ಏನೋ ಉರುಳಿ ಬೀಳುವ ಸದ್ದು. ದೆವ್ವವೇ ಇರಬೇಕೆಂದು ಮಂತ್ರವಾದಿಗೆ ಕರೆ ಹೋಗುತ್ತದೆ. ಒಳಗಿದ್ದದ್ದು ಪಾತ್ರೆಯಲ್ಲಿ ತಲೆ ಸಿಕ್ಕಿಸಿಕೊಂಡ ಬೆಕ್ಕು! ಪತ್ತೇದಾರನಿಲ್ಲದ ಈ ಪತ್ತೇದಾರಿ ಕಥೆಯಲ್ಲಿ ಭೂತಕ್ಕಿಂತ ಮನುಷ್ಯರ ಭಯ, ಲೋಭಗಳೇ ಹೆಚ್ಚು ಬಯಲಾಗುತ್ತವೆ. ಅದೇ ಇದರ ನಿಜವಾದ ಹಿರಿಮೆ.

ಧಾರಾವಾಹಿಯ ಕಾಲ್ಪನಿಕ ಊರು ಮಾಲ್ಗುಡಿ ರೂಪುಗೊಂಡದ್ದು ಮಲೆನಾಡಿನ ಆಗುಂಬೆಯಲ್ಲಿ. ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು. ಶಂಕರ್ ನಾಗ್ 1990ರಲ್ಲಿ ದಾವಣಗೆರೆ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ಈ ಸರಣಿಯ ಹೊಸ ಕಂತುಗಳನ್ನು ನಿರ್ದೇಶಿಸಿದರು.