ಕಿಣ್ವದ ಗಡಿಗೆ

ಹಾವೇರಿಯ ಕಾಲೇಜಿನಲ್ಲಿ ಹೆಂಡದ ಮಾರಯ್ಯನ ವಚನಗಳನ್ನು ಪಾಠ ಹೇಳುತ್ತಿದ್ದ ಒಂದು ದಿನ, ಬ್ಯಾಡಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ, ಹೆಂಡಾ ಮಾರೂದು ಕಾಯಕ ಹೆಂಗ ಆಕ್ಕೈತ್ರಿ?” ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ತಮ್ಮೂರಿನ ಸಾರಾಯಿ ಅಂಗಡಿಯ ಮುಂದೆ ಧರಣಿ ಕುಳಿತ ಹೆಂಗಸರಲ್ಲಿ ಅವಳ ತಾಯಿಯೂ ಒಬ್ಬಳೆಂಬುದನ್ನು ನಾನು ಬಲ್ಲೆ. ಧರ್ಮೇಶ್ವರಲಿಂಗ ಎಂಬ ಅಂಕಿತದಿಂದ ಬರೆದ ಈ ಶರಣನು ತನ್ನ ಕಸುಬಿನ ಮಾತನ್ನೇ ಅನುಭಾವದ ಮಾತನ್ನಾಗಿ ಮಾಡಿದನೆಂದು ಎಂದಿನ ಸಮಾಧಾನ ಹೇಳಿದೆನು. ಹುಡುಗಿ ಕುಳಿತಳು, ಅವಳಿಗೆ ಒಪ್ಪಿಗೆಯಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಅಂದು ಸಂಜೆ ರಾಣೇಬೆನ್ನೂರಿಗೆ ಮರಳುವ ಬಸ್ಸಿನಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಹೆಂಡವೆಂದರೆ ನಮಗೆ ಇಂದು ಒಂದೇ ಪದಾರ್ಥ, ಒಂದೇ ಕೇಡು. ನಮ್ಮ ಹಿರಿಯರಿಗೆ ಅದು ಹಾಗಿತ್ತೇ? ಪಂಪನು 941ರ ಸುಮಾರಿಗೆ ಬರೆದ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯ ವರ್ಣನೆಯುಂಟು. ಅಲ್ಲಿಯವರು ಮದ್ಯವನ್ನು ಮೊದಲು ಪೂಜಿಸಿ ಆಮೇಲೆ ಕುಡಿಯುತ್ತಾರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ, ಜಲಕ್ರೀಡೆ, ಚತುರಂಗಗಳ ಸಾಲಿನಲ್ಲಿಯೇ ಮದಿರಾಪಾನಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟನು. ಸುರೆಯನ್ನು ಮಹಾಪಾತಕವೆಂದ ಮನುಸ್ಮೃತಿಯೂ ಅದರಲ್ಲಿ ಮೂರು ಬಗೆಯನ್ನು ಎಣಿಸುವುದನ್ನು ಬಿಡಲಿಲ್ಲ: ಬೆಲ್ಲದ್ದು ಗೌಡೀ, ಹಿಟ್ಟಿನದು ಪೈಷ್ಟೀ, ಇನ್ನೊಂದು ಮಾಧ್ವೀ. ನಿಷೇಧಿಸುವವನಿಗೂ ವಸ್ತುವಿನ ಪರಿಚಯ ಬೇಕಾಗುತ್ತದೆ, ಅಲ್ಲವೇ!

ಎಲ್ಲಕ್ಕಿಂತ ವಿವರವಾಗಿ ಬರೆದವನು ಕೌಟಿಲ್ಯ. ಅವನ ಅರ್ಥಶಾಸ್ತ್ರದ ಓಲೆಗರಿಗಳು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕು, 1909ರಲ್ಲಿ ಅಚ್ಚಾದವು. ಅದರಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಒಂದು ಅಧ್ಯಾಯವೇ ಇದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆ. ಮಾವಿನ ರಸ ಸೇರಿದರೆ ಸಹಕಾರಸುರೆ ಎಂಬ ಇನ್ನೊಂದು. ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ, ಇದು ಮೇದಕ. ಹನ್ನೆರಡು ಆಢಕ ಪಿಷ್ಟ, ಐದು ಪ್ರಸ್ಥ ಕಿಣ್ವ, ಇದು ಪ್ರಸನ್ನ. ಪ್ರಸನ್ನವೆಂದರೆ ತಿಳಿಯಾದದ್ದು. ಕದಡಿದ್ದು ಯಾವುದು, ತಿಳಿಯಾದದ್ದು ಯಾವುದು ಎಂದು ನೋಡಿ ಆರಿಸುವ ಕಣ್ಣಿಲ್ಲದ ಜನ ಇಂಥ ಹೆಸರನ್ನು ಇಡಲಾರರು. ಸಂಭಾರದಲ್ಲಿ ಮೆಣಸು, ಹಿಪ್ಪಲಿ, ಮರದರಿಶಿನ ಬೀಳುತ್ತವೆ. ಬ್ಯಾಡಗಿಯವರು ತಮ್ಮ ಮೆಣಸಿನಕಾಯಿಯನ್ನು ಅದರಲ್ಲಿ ಹುಡುಕಬಾರದು. ಅದು ಪೋರ್ತುಗೀಜರ ಹಿಂದೆ ಬಂದ ಅತಿಥಿ.

ಕಿಣ್ವವೆಂದರೇನು? ಉದ್ದಿನ ಹಿಟ್ಟು, ಅದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚಿಗೆ ಅಕ್ಕಿ, ಕೆಲವು ಮೂಲಿಕೆಗಳು, ಇವನ್ನು ಕಲಸಿ ಹುದುಗಿಸಿದ ಮುದ್ದೆ. ವಾಚಕರಿಗೆ ಮನೆಯ ದೋಸೆಯ ಹಿಟ್ಟು ನೆನಪಾದರೆ ಅದು ತಪ್ಪಲ್ಲ. ಇಷ್ಟೇ ಅಲ್ಲ: ಸುರಾಕಿಣ್ವದ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡಬೇಕೆಂದು ಅದೇ ಅಧ್ಯಾಯ ವಿಧಿಸುತ್ತದೆ. ಕುಡಿಯುವ ಗಂಡಸಿನ ಚಿತ್ರ ಕಾವ್ಯದಲ್ಲಿ ಧಾರಾಳವಾಗಿ ಸಿಗುತ್ತದೆ. ಹುದುಗಿಸುವ ಹೆಂಗಸಿನದು ಈ ಒಣ ಶಾಸ್ತ್ರದ ಒಂದು ಸಾಲಿನಲ್ಲಿ ಉಳಿದಿದೆ.

ಅರಸೊತ್ತಿಗೆ ಇದನ್ನು ಸುಮ್ಮನೆ ಬಿಟ್ಟಿರಲಿಲ್ಲ. ಗೊತ್ತಾದ ಸ್ಥಳ ಬಿಟ್ಟು ಬೇರೆಡೆ ಮಾಡಿದವರಿಗೆ, ಕೊಂಡವರಿಗೆ, ಮಾರಿದವರಿಗೆ ಆರುನೂರು ಪಣ ದಂಡ. ಆದರೂ ಕಾರ್ಯದ ದಿನಗಳಲ್ಲಿ ಗೃಹಸ್ಥರು ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದಿತ್ತು; ಉತ್ಸವ, ಜಾತ್ರೆಗಳಿಗೆ ನಾಲ್ಕು ದಿನ ಸಡಿಲಿಕೆಯಿತ್ತು. ನಮ್ಮ ಭಾಗದಲ್ಲಿ ಈ ಕಿಂಡಿ ಬಿಗಿಯಾದದ್ದು 1878ರ ಮುಂಬಯಿ ಅಬಕಾರಿ ಕಾಯಿದೆಯಿಂದ. ಆಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಈಚಲ ಮರವೂ ಕಂದಾಯದ ಬಾಬಾಯಿತು. ಆ ಮರದ ರಸವಾದರೋ ನಸುಕಿನಲ್ಲಿ ಸಿಹಿ, ಹೊತ್ತೇರಿದಂತೆ ಹುಳಿ, ಮರುದಿನಕ್ಕೆ ಕಾಡಿ. ಯಾವ ಹೊತ್ತಿನದು ತನಗೆ ಸೇರುತ್ತದೆಂದು ಬಲ್ಲವನಿಗೆ ಗೊತ್ತು. ಸರಕಾರದ ಲೆಕ್ಕದ ಪುಸ್ತಕಕ್ಕೆ ಹೊತ್ತಿನ ಭೇದವಿಲ್ಲ.

ಮುಂದೆ 1949ರ ಮುಂಬಯಿ ಪಾನನಿಷೇಧ ಕಾಯಿದೆ ಬಂದಿತು. 1956ರ ಏಕೀಕರಣದವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲೇ ಇದ್ದಿತಾದ್ದರಿಂದ ಅದು ನಮಗೂ ತಟ್ಟಿತು. ಉದ್ದೇಶ ಒಳ್ಳೆಯದೇ, ಈಚಲ ಮರ ಕಡಿದು ಸತ್ಯಾಗ್ರಹ ಮಾಡಿದವರ ತ್ಯಾಗವನ್ನು ನಾನು ಅಲ್ಲಗಳೆಯೆನು, 1939ರ ತುರುವನೂರು ಸತ್ಯಾಗ್ರಹ ಕರ್ನಾಟಕ ಮರೆಯುವಂಥದಲ್ಲ. ಆದರೆ ನಿಷೇಧದ ಕತ್ತಲಲ್ಲಿ ಹುಟ್ಟಿದ್ದು ಬೆಲ್ಲ, ನವಸಾಗರ ಹಾಕಿ ಇಳಿಸಿದ ಕಳ್ಳಭಟ್ಟಿ. ಅದಕ್ಕೆ ತಿಳಿ, ಕದಡುಗಳ ವಿವೇಚನೆ ಎಲ್ಲಿಯದು? ಬೇಗ ತಲೆಗೆ ಏರಿದರೆ ಸಾಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದು ನಿಂತದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಆ ಹುಡುಗಿಯ ತಾಯಿ ಕುಳಿತದ್ದು ಸರಿಯಾಗಿಯೇ ಇತ್ತು. ಆದರೆ ಅವಳು ಯಾವುದರ ವಿರುದ್ಧ ಕುಳಿತಳೋ ಅದು ಮಾರಯ್ಯನ ಗಡಿಗೆಯಲ್ಲಿದ್ದ ವಸ್ತುವಲ್ಲ ಎಂಬಷ್ಟನ್ನು ನಾನು ತರಗತಿಯಲ್ಲಿ ಹೇಳಬೇಕಾಗಿತ್ತು.

ವಿಚಿತ್ರವೆಂದರೆ, 1878ರಲ್ಲಿ ಇಲ್ಲಿ ಬಿಗಿಯಾದ ಬಾಗಿಲು ಸರಿಯಾಗಿ ನೂರು ವರ್ಷದ ಮೇಲೆ, 1978ರಲ್ಲಿ, ಅಮೇರಿಕೆಯಲ್ಲಿ ತೆರೆಯಿತು. ಮನೆಯಲ್ಲಿ ಸ್ವಂತಕ್ಕೆ ಬಿಯರ್ ಹುದುಗಿಸಿಕೊಳ್ಳಲು ಕೇಂದ್ರ ಸರಕಾರದ ಕಾಯಿದೆ ಒಪ್ಪಿತು. ಇಂಗ್ಲೆಂಡು 1963ರಲ್ಲಿಯೇ ಲೈಸೆನ್ಸು ತೆಗೆದುಹಾಕಿತ್ತು. ಅಲ್ಲಿಯ ನುರಿತವರು ಇಂದು ಕಪ್ಪು ಬಗೆ, ಕಹಿ ಬಗೆ, ಗೋದಿಯ ಬಗೆ ಎಂದು ಚರ್ಚಿಸುತ್ತಾರೆ. ಆಫ್ರಿಕೆಯಲ್ಲಿ ಜೋಳ, ರಾಗಿಗಳಿಂದ, ಪೆರುವಿನಲ್ಲಿ ಗೋವಿನಜೋಳದಿಂದ ಬಿಯರ್ ಮಾಡುತ್ತಾರೆ. ಮೂರೂ ನಮ್ಮ ಜಿಲ್ಲೆಯ ಹೊಲದಲ್ಲಿವೆ! ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತದ ಎದುರು ಗೆಲ್ಲಿಸಿದ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ ನಾವು ಕೂಸುಗಳಿಗೆ ಕುಡಿಸುತ್ತೇವೆ. ಬಿಯರಿನ ಅರ್ಧ ದಾರಿ ಅಲ್ಲಿಗೆ ಮುಗಿಯಿತು.

ಮರುದಿನ ನಾನು ಕರಿಹಲಗೆಯ ಮೇಲೆ ಪಿಷ್ಟ, ಕಿಣ್ವ ಎಂದು ಎರಡು ಶಬ್ದ ಬರೆದು, ಎಲ್ಲಿಯವೆಂದು ಕೇಳಿದೆನು. “ವಿಜ್ಞಾನದ ಪುಸ್ತಕದ್ದು ಸರ, ಕಿಣ್ವ ಪಿಷ್ಟವನ್ನ ಸಕ್ಕರಿ ಮಾಡತೈತಿ” ಎಂದರು. ಕೌಟಿಲ್ಯನ ಸುರಾಗೃಹದ ಮಾತು ಪ್ರೌಢಶಾಲೆಯ ಪಾಠದಲ್ಲಿ ಸದ್ದಿಲ್ಲದೆ ಕುಳಿತಿದೆ ಎಂದಾಗ ಈ ಸಲ ಯಾರೂ ನಗಲಿಲ್ಲ. ಬ್ಯಾಡಗಿಯ ಹುಡುಗಿ ತಡೆದು ತಡೆದು ಹೇಳಿದಳು: “ನಮ್ಮ ಅಜ್ಜಿ ಅಂಬಲಿ ಗಡಿಗಿ ಪೂರಾ ತೊಳೀಗೊಡಂಗಿಲ್ರಿ ಸರ. ತಳದಾಗ ಒಂದೀಟು ಇರಲಿ, ನಾಳಿಗೆ ಬೇಕು ಅಂತಾಳ್ರಿ.”