ಡೀಸೆಲಿಗೆ ಬದಲಾಗಿ ಬಿಸಿಲು: ಒಂದು ದೂರದ ಉದ್ಯಾನದ ಕಥೆ

ಬಿಸಿಲಿನಿಂದ ವಿದ್ಯುಚ್ಛಕ್ತಿ ಪಡೆಯುವುದು ಇಂದು ನಮಗೆ ಹೊಸ ಸಂಗತಿಯಲ್ಲ. ಆದರೆ ಡೀಸೆಲ್ ಯಂತ್ರವನ್ನು ಬದಿಗಿಟ್ಟು, ಹಗಲಿರುಳೂ ಬಿಸಿಲನ್ನೇ ನಂಬಿ ಬಾಳಬಹುದೇ ಎಂಬ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಪರೀಕ್ಷಿಸಿದ ಸ್ಥಳಗಳಲ್ಲಿ ಅಮೆರಿಕದ ಒಂದು ನಿರ್ಜನ ಉದ್ಯಾನವೂ ಸೇರಿದೆ. ಅದರ ಇತಿಹಾಸವನ್ನು ವಾಚಕರ ಮುಂದಿಡುತ್ತಿದ್ದೇವೆ.

ಯೂಟಾ ರಾಜ್ಯದ ಆಗ್ನೇಯ ಭಾಗದಲ್ಲಿರುವ ಈ ತಾಣದ ಹೆಸರು 'ನ್ಯಾಚುರಲ್ ಬ್ರಿಡ್ಜಸ್'. ಹಳ್ಳದ ನೀರು ಮರಳುಗಲ್ಲನ್ನು ಕೊರೆದು ಕೊರೆದು ಇಲ್ಲಿ ಮೂರು ಸಹಜ ಸೇತುವೆಗಳು ನಿರ್ಮಾಣವಾಗಿವೆ. 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ವಿದ್ಯುತ್ ತಂತಿಗಳು ಅಲ್ಲಿಂದ ಎಷ್ಟೋ ಮೈಲು ದೂರ. ಹೀಗಾಗಿ ಸಿಬ್ಬಂದಿಯ ಮನೆಗಳಿಗೂ ಸಂದರ್ಶಕರ ಕೇಂದ್ರಕ್ಕೂ ಡೀಸೆಲ್ ಜನರೇಟರೇ ಗತಿಯಾಗಿತ್ತು.

ಜನರೇಟರಿನ ಸದ್ದು, ಹೊಗೆ ನಮ್ಮ ಮಹಾನಗರಗಳ ವಾಸಿಗಳಿಗೆ ಚೆನ್ನಾಗಿ ಗೊತ್ತು. ಅದರ ಇನ್ನೊಂದು ದೋಷ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಡುರಾತ್ರಿಯಲ್ಲಿ ಎರಡು ದೀಪ, ಒಂದು ಫ್ರಿಜ್ ಮಾತ್ರ ನಡೆಯುತ್ತಿದ್ದರೂ ದೊಡ್ಡ ಎಂಜಿನ್ ಉರಿಯುತ್ತಲೇ ಇರಬೇಕು. ಭಾರ ಕಡಿಮೆಯಾದಷ್ಟೂ ಪ್ರತಿ ಯೂನಿಟ್ಟಿಗೆ ತಗಲುವ ಎಣ್ಣೆ ಹೆಚ್ಚು. ಆ ಎಣ್ಣೆಯೂ ದೂರದಿಂದ ಲಾರಿಯಲ್ಲಿ ಬರಬೇಕು. 1973ರಲ್ಲಿ ಒಮ್ಮೆ, 1979ರಲ್ಲಿ ಮತ್ತೊಮ್ಮೆ ತೈಲದ ಬೆಲೆ ಏರಿದಾಗ ಈ ಲೆಕ್ಕ ಎಲ್ಲರಿಗೂ ಚುರುಕು ಮುಟ್ಟಿಸಿತು.

ಸಿಲಿಕಾನ್ ಸೌರಕೋಶವನ್ನು ಬೆಲ್ ಪ್ರಯೋಗಾಲಯದವರು 1954ರಲ್ಲೇ ಪ್ರದರ್ಶಿಸಿದ್ದರು. ಬಿದ್ದ ಬಿಸಿಲಿನಲ್ಲಿ ಶೇಕಡಾ 6ರಷ್ಟನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. 1958ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹದ ಮೇಲೇರಿ ಆಕಾಶಕ್ಕೂ ಹೋಯಿತು. ಭೂಮಿಯ ಮೇಲೆ ಬಳಸಲು ಬೆಲೆಯೇ ಅಡ್ಡಿ.

ಅಮೆರಿಕದ ಇಂಧನ ಇಲಾಖೆ, ರಾಷ್ಟ್ರೀಯ ಉದ್ಯಾನ ಇಲಾಖೆ ಮತ್ತು ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯ ಕೂಡಿ ಈ ಉದ್ಯಾನದಲ್ಲಿ 100 ಕಿಲೋವ್ಯಾಟ್ ಸಾಮರ್ಥ್ಯದ ಸ್ಥಾವರ ಕಟ್ಟಿ, 1980ರ ಜೂನ್‌ನಲ್ಲಿ ಉದ್ಘಾಟಿಸಿದವು. ಎರಡೂವರೆ ಲಕ್ಷಕ್ಕೂ ಮೀರಿದ ಸೌರಕೋಶಗಳಿದ್ದ ಅದು ಆಗ ತನ್ನ ಬಗೆಯಲ್ಲಿ ಜಗತ್ತಿನಲ್ಲೇ ದೊಡ್ಡದು. ಹಗಲಿನ ವಿದ್ಯುತ್ತು ಬ್ಯಾಟರಿಗಳಲ್ಲಿ ಶೇಖರವಾಗುತ್ತಿತ್ತು. ನೇರ ಪ್ರವಾಹವನ್ನು ಇನ್ವರ್ಟರ್ ಪರ್ಯಾಯ ಪ್ರವಾಹವಾಗಿ ಬದಲಿಸುತ್ತಿತ್ತು. ನಾವೇ ಒಂದು ಸ್ಥೂಲ ಲೆಕ್ಕ ಹಾಕೋಣ: ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಹಿಡಿದರೆ 500 ಯೂನಿಟ್. ಲೀಟರಿಗೆ ಮೂರು ಯೂನಿಟ್ಟಿನಂತೆ ಸುಮಾರು 165 ಲೀಟರ್ ಡೀಸೆಲ್ ಉಳಿತಾಯ.

ಆದರೂ ಡೀಸೆಲ್ ಯಂತ್ರವನ್ನು ಅವರು ಕಿತ್ತೆಸೆಯಲಿಲ್ಲ, ಆಪತ್ತಿಗೆಂದು ಇಟ್ಟುಕೊಂಡರು. ಅದು ವಿವೇಕವೇ ಸರಿ. ಸೌರಫಲಕ ದಶಕಗಳ ಕಾಲ ಬಾಳುತ್ತದೆ, ಬ್ಯಾಟರಿ ಅಷ್ಟು ಬಾಳುವುದಿಲ್ಲ. ಅದನ್ನು ಬದಲಿಸಲು ಹಣ ಎತ್ತಿಡದಿದ್ದರೆ ಉದ್ಘಾಟನೆಯ ಸಂಭ್ರಮ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. 2007ರಲ್ಲಿ ಇದೇ ಉದ್ಯಾನ, ಇರುಳಿನ ಕತ್ತಲನ್ನು ಕಾಪಾಡಿದ್ದಕ್ಕಾಗಿ, ಜಗತ್ತಿನ ಮೊದಲ ಅಂತರರಾಷ್ಟ್ರೀಯ 'ಡಾರ್ಕ್ ಸ್ಕೈ ಪಾರ್ಕ್' ಎನಿಸಿತು.

ನಮ್ಮ ದೇಶದಲ್ಲಿಯೂ ಸುಂದರಬನದ ಸಾಗರದ್ವೀಪದಲ್ಲಿ 1996ರಲ್ಲಿ ಕಮಲಪುರದ ಸೌರಸ್ಥಾವರ ದೀಪ ಹಚ್ಚಿತು. ಅದರ ಸಾಮರ್ಥ್ಯ 26 ಕಿಲೋವ್ಯಾಟ್. ಇನ್ನು ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2019ರಲ್ಲಿ ಪೂರ್ಣಗೊಂಡ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಯೂಟಾದ ಸ್ಥಾವರದಂತಹ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಥಾವರಗಳನ್ನು ಒಟ್ಟಿಗೆ ಸೇರಿಸಿದಂತಾಯಿತು! ಮಳೆಗಾಗಿ ಮುಗಿಲು ನೋಡುತ್ತಿದ್ದ ಸೀಮೆಗೆ ಬಿಸಿಲೇ ಬೆಳೆಯಾಗಿದೆ.

ನಾವಿರುವ ಕಟ್ಟಡಗಳ ನೆಲಮಾಳಿಗೆಯಲ್ಲಿ ಜನರೇಟರುಗಳು ಇನ್ನೂ ಗುಡುಗುತ್ತಿವೆ. ಮುಂದಿನ ಸೊಸೈಟಿ ಸಭೆಯಲ್ಲಿ ಮಾತು ಬಂದಾಗ, ತಾರಸಿಯ ಮೇಲೆ ಎಷ್ಟು ಫಲಕ ಹಾಕಬೇಕೆಂದು ಕೇಳುವ ಮೊದಲು, ರಾತ್ರಿ ನಮಗೆ ನಿಜವಾಗಿ ಎಷ್ಟು ಯೂನಿಟ್ ಬೇಕು, ಬ್ಯಾಟರಿಯ ಖರ್ಚಿಗೆ ಏನು ಏರ್ಪಾಡು ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಲೇಸು.