ನಮ್ಮ ಮೊದಲ ಪತ್ರಕರ್ತೆ ಯಾರು?

ಮೊನ್ನೆ ಭಾನುವಾರ ಪಕ್ಕದ ಮನೆಯ ಮರಾಠಿ ಹುಡುಗಿ ಬಂದಿದ್ದಳು. ಪತ್ರಿಕೋದ್ಯಮ ಓದುತ್ತಿದ್ದಾಳೆ. ಅಮೆರಿಕದ ನೆಲ್ಲಿ ಬ್ಲೈ ಬಗ್ಗೆ ಪ್ರಬಂಧ ಬರೆಯಬೇಕಂತೆ. "ಕಾಕಾ, ನಿಮ್ಮ ಕನ್ನಡದಲ್ಲಿ ಮೊದಲ ಪತ್ರಕರ್ತೆ ಯಾರು?" ಅಂತ ಕೇಳಿಬಿಟ್ಟಳು. ನಾನು 1979ರಲ್ಲಿ ಅಂಬರನಾಥಕ್ಕೆ ಬಂದವನು. ಅಂದಿನಿಂದ ಲೋಕಲ್‌ನಲ್ಲಿ ಕೂತು ಕನ್ನಡ ಪತ್ರಿಕೆ ಓದಿದ್ದೇ ಓದಿದ್ದು. ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಾಚಿಕೆಯಾಯಿತು. ರಾತ್ರಿ ಕೂತು ಹುಡುಕಿ ಓದಿದೆ.

ಹೆಣ್ಣಿನ ಜಾಗ ಮನೆಯೊಳಗೇ ಎಂದು 1885ರಲ್ಲಿ ಪಿಟ್ಸ್‌ಬರ್ಗ್‌ನ ಪತ್ರಿಕೆಯೊಂದು ಬರೆದಾಗ ನೆಲ್ಲಿ ಸಿಟ್ಟಿನಿಂದ ಉತ್ತರ ಬರೆದಳು. ಅದನ್ನೋದಿದ ಸಂಪಾದಕ ಆಕೆಗೆ ಕೆಲಸವನ್ನೇ ಕೊಟ್ಟ. 1887ರಲ್ಲಿ ಹುಚ್ಚಿಯಂತೆ ನಟಿಸಿ ನ್ಯೂಯಾರ್ಕಿನ ಹುಚ್ಚಾಸ್ಪತ್ರೆ ಸೇರಿದಳು. ಹತ್ತು ದಿನ ಇದ್ದು, ಅಲ್ಲಿನ ಹೆಂಗಸರ ಪಾಡನ್ನು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಯಲಿಗೆಳೆದಳು.

ಅದೇ 1887ರಲ್ಲಿ ನಂಜನಗೂಡಿನಲ್ಲಿ ತಿರುಮಲಾಂಬ ಹುಟ್ಟಿದರು. ಬಾಲ್ಯದಲ್ಲೇ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತಂದೆಯ ಬೆಂಬಲದಿಂದ ಮನೆಯಲ್ಲೇ ಓದಿದರು. 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆ ಶುರುಮಾಡಿ 'ಸುಶೀಲೆ' ಕಾದಂಬರಿ ತಂದರು. ಆಮೇಲೆ 'ಕರ್ನಾಟಕ ನಂದಿನಿ' ಮಾಸಪತ್ರಿಕೆ. ಬರೆಯುವವರು, ಸಂಪಾದಕರು, ಪ್ರಕಾಶಕರು ಎಲ್ಲ ತಾವೇ! 1921ರಲ್ಲಿ ಬೆಂಗಳೂರಿನ ಆರ್. ಕಲ್ಯಾಣಮ್ಮ 'ಸರಸ್ವತಿ' ಆರಂಭಿಸಿದರು. ಅವರೂ ಬಾಲವಿಧವೆ. ಪತ್ರಿಕೆಯನ್ನು ನಲವತ್ತು ವರ್ಷಕ್ಕೂ ಹೆಚ್ಚು ನಡೆಸಿದರು.

ನೆಲ್ಲಿಗೆ ಇನ್ನೊಬ್ಬರ ಪತ್ರಿಕೆಯ ಬಾಗಿಲು ತೆರೆಯಿತು. ನಮ್ಮವರು ಪತ್ರಿಕೆಯನ್ನೇ ಕಟ್ಟಿಕೊಳ್ಳಬೇಕಾಯಿತು. ಅವರು ವರದಿಗೆಂದು ಊರೂರು ಸುತ್ತಿದವರಲ್ಲ, ನಿಜ. ಅವರ ಬರಹದಲ್ಲಿನ ಪಾತಿವ್ರತ್ಯದ ಉಪದೇಶ ಇಂದಿನ ಹುಡುಗಿಯರಿಗೆ ಹಿಡಿಸಲಿಕ್ಕಿಲ್ಲ. ಆದರೆ ಶುಭಕಾರ್ಯದಲ್ಲಿ ಎದುರಿಗೆ ಬರಬಾರದು ಎನಿಸಿಕೊಂಡ ಹೆಣ್ಣು ತನ್ನ ಹೆಸರು ಅಚ್ಚುಹಾಕಿಸಿ ಮನೆಮನೆಗೆ ಕಳಿಸುವುದೆಂದರೆ ಸಣ್ಣ ಮಾತೇ?

ನನ್ನಜ್ಜಿಯ ಅಕ್ಕನೂ ಬಾಲವಿಧವೆ. ಅಡುಗೆಮನೆಯಲ್ಲೇ ಆಯುಷ್ಯ ಸವೆಸಿದರು. ಅಂಗಡಿಯಿಂದ ಸಕ್ಕರೆ ಕಟ್ಟಿ ತಂದ ಕಾಗದವನ್ನು ಬಿಡಿಸಿ, ಸುಕ್ಕು ಸರಿಮಾಡಿ, ಒಲೆಯ ಬೆಳಕಿನಲ್ಲಿ ಓದುತ್ತಿದ್ದರು. ಅರ್ಧಕ್ಕೆ ಹರಿದ ಸುದ್ದಿಯ ಮುಂದಿನ ಭಾಗ ಏನಿತ್ತೋ ಅಂತ ನಮ್ಮನ್ನು ಕೇಳುತ್ತಿದ್ದರು. ನಾವು ನಗುತ್ತಿದ್ದೆವು.

ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ. ನಾನಾಗ ಇಲ್ಲೇ ಇದ್ದೆ, ದಿನಾ ಪತ್ರಿಕೆ ಓದುತ್ತಿದ್ದೆ. ಅಂಥವರೊಬ್ಬರು ಬದುಕಿದ್ದಾರೆಂದೇ ನನಗೆ ಗೊತ್ತಿರಲಿಲ್ಲ.

ಮರುದಿನ ಆ ಹುಡುಗಿಯನ್ನು ಕರೆದು ಎರಡೂ ಹೆಸರು ಬರೆಸಿದೆ. ಮರಾಠಿಯಲ್ಲಿ ಬರೆದುಕೊಂಡಳು. ನಿಮ್ಮ ಮನೆಯ ಮಕ್ಕಳಿಗೂ ಒಮ್ಮೆ ಹೇಳಿ.